ಚೌಕದೊಳಗೆ ಏನು ಬರೆದಿದೆ?

(ಶಿರಸಿಯಲ್ಲಿ ಸಣ್ಣ ವ್ಯಾಪಾರಿಗಳು, ಹೋಂಸ್ಟೇ ನಡೆಸುವವರು, ಸ್ವಸಹಾಯ ಸಂಘದ ಸದಸ್ಯೆಯರು ಸೇರಿದ್ದ ಸಭೆಯಲ್ಲಿ ಆಡಿದ ಮಾತು. ಬರೆದಿಡುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಧ್ಯೆ ಬಂದ ಪ್ರಶ್ನೆಗಳನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಇಪ್ಪತ್ತೆರಡು ವರ್ಷದಿಂದ ಡಿಟಿಪಿ ಮಾಡಿಕೊಂಡು ಬಂದವನು. ಲಗ್ನಪತ್ರಿಕೆ, ಬಿಲ್ ಬುಕ್, ಉಪ್ಪಿನಕಾಯಿ ಬಾಟಲಿಯ ಲೇಬಲ್, ಜಾತ್ರೆಯ ಫ್ಲೆಕ್ಸು, ಎಲ್ಲ ಮಾಡುತ್ತೇನೆ. ಕ್ಯೂಆರ್ ಕೋಡ್ ಬಗ್ಗೆ ಮಾತಾಡಿ ಅಂದರು. ನನಗೆ ಇದರಲ್ಲಿ ಡಿಗ್ರಿ ಇಲ್ಲ. ಇರುವುದು ಒಂದು ದೊಡ್ಡ ಎಡವಟ್ಟಿನ ಅನುಭವ. ಅಲ್ಲಿಂದಲೇ ಶುರು ಮಾಡುತ್ತೇನೆ.

ಮೂರು ವರ್ಷದ ಹಿಂದಿನ ಮಾತು. ಒಂದು ಮದುವೆ, 600 ಪತ್ರಿಕೆ. ಕಲ್ಯಾಣ ಮಂಟಪಕ್ಕೆ ದಾರಿ ತೋರಿಸುವ ಕ್ಯೂಆರ್ ಬೇಕು, ಚೆಂದವಾಗಿರಬೇಕು ಅಂದರು. ನಾನು ಇಂಟರ್ನೆಟ್ಟಿನಲ್ಲಿ ಸಿಕ್ಕ ಒಂದು ವೆಬ್‌ಸೈಟಿಗೆ ಹೋದೆ. ಉಚಿತ ಅಂತ ಬರೆದಿತ್ತು. ದುಂಡು ಚುಕ್ಕಿ, ಮರೂನ್ ಬಣ್ಣ, ನಡುವೆ ಗಣಪತಿ. ಫೋನಿನಲ್ಲಿ ಹಿಡಿದು ನೋಡಿದೆ, ಸರಿಯಾಗಿ ಮ್ಯಾಪು ತೆರೆಯಿತು. ಪ್ರಿಂಟಿಗೆ ಕೊಟ್ಟೆ. ಪತ್ರಿಕೆ ಊರೂರಿಗೆ ಹೋಯಿತು. ಮದುವೆಗೆ ಒಂಬತ್ತು ದಿನ ಇದೆ ಅನ್ನುವಾಗ ಹುಡುಗಿಯ ಚಿಕ್ಕಪ್ಪನ ಫೋನು: "ಏನ್ರೀ ಇದು, ನಿಮ್ಮ ಗಣಪತಿ ದುಡ್ಡು ಕೇಳ್ತಿದ್ದಾನೆ!"

ಹೌದು, ಕೇಳುತ್ತಿದ್ದ. ಕೋಡ್ ಹಿಡಿದರೆ ಮ್ಯಾಪಿನ ಬದಲು ‘ಉಚಿತ ಅವಧಿ ಮುಗಿದಿದೆ, ಚಂದಾ ಕಟ್ಟಿ’ ಅನ್ನುವ ಇಂಗ್ಲಿಷ್ ಪುಟ ಬರುತ್ತಿತ್ತು. 600 ಪತ್ರಿಕೆ ವಾಪಸ್ ತರಿಸುವುದಕ್ಕೆ ಆಗುತ್ತದೆಯೇ? ತೆಪ್ಪಗೆ ಒಂದು ತಿಂಗಳ ಚಂದಾ ಕೈಯಿಂದ ಕಟ್ಟಿದೆ. ಮದುವೆ ಆಯಿತು. ಮರುತಿಂಗಳು ಗಣಪತಿ ಮತ್ತೆ ಕೇಳಲು ಶುರು ಮಾಡಿದ, ಆಗ ಯಾರಿಗೂ ಬೇಕಿರಲಿಲ್ಲ.

ಆಮೇಲೆ ಕೂತು ನೋಡಿದೆ, ಆಗಿದ್ದೇನು ಅಂತ. ಆ ಚೌಕದೊಳಗೆ ಕಲ್ಯಾಣ ಮಂಟಪದ ವಿಳಾಸ ಇರಲೇ ಇಲ್ಲ. ಆ ವೆಬ್‌ಸೈಟಿನದೇ ಒಂದು ಚಿಕ್ಕ ವಿಳಾಸ ಇತ್ತು. ಫೋನು ಮೊದಲು ಅಲ್ಲಿಗೆ ಹೋಗಬೇಕು, ಅವರು ಅಲ್ಲಿಂದ ಮ್ಯಾಪಿಗೆ ದಾಟಿಸಬೇಕು. ದಾಟಿಸುವವನು ಬಾಗಿಲು ಹಾಕಿದರೆ ನಮ್ಮ ಕಥೆ ಅಷ್ಟೆ. ನೋಡಿ, ಲಗ್ನಪತ್ರಿಕೆಯ ಒಂದೊಂದು ಒತ್ತಕ್ಷರವನ್ನೂ ಮೂರು ಸಲ ಪ್ರೂಫ್ ನೋಡುವ ನಾನು, ಈ ಚೌಕದ ಪ್ರೂಫ್ ನೋಡಿರಲಿಲ್ಲ. ಚಿತ್ರ ಅಂದುಕೊಂಡಿದ್ದೆ. ಅದೂ ಒಂದು ಬರಹ. ಅಕ್ಷರಗಳನ್ನು ಕಪ್ಪು ಬಿಳಿ ಮನೆಗಳಾಗಿ ಬರೆದಿರುತ್ತಾರೆ. ಇವತ್ತು ನಾನು ಹೇಳುವುದೆಲ್ಲ ಈ ಒಂದು ಮಾತಿನ ಸುತ್ತಲೇ.

ಈ ಬರಹದ ಲಿಪಿ ಹುಟ್ಟಿದ್ದು 1994ರಲ್ಲಿ, ಜಪಾನಿನಲ್ಲಿ. ಟೊಯೋಟಾ ಬಳಗದ ಡೆನ್ಸೊ ಕಂಪನಿಯಲ್ಲಿ ಮಸಾಹಿರೊ ಹಾರಾ ಎಂಬ ಎಂಜಿನಿಯರು ಇದನ್ನು ಕಟ್ಟಿದರು. ಕಾರಿನ ಬಿಡಿಭಾಗಗಳ ಡಬ್ಬಕ್ಕೆ ಆಗ ಬಾರ್‌ಕೋಡ್ ಹಚ್ಚುತ್ತಿದ್ದರು. ಒಂದು ಬಾರ್‌ಕೋಡಿನಲ್ಲಿ ಹಿಡಿಯುವುದು ಇಪ್ಪತ್ತು ಅಕ್ಷರದಷ್ಟು. ಹಾಗಾಗಿ ಒಂದೇ ಡಬ್ಬಕ್ಕೆ ಹಲವು ಬಾರ್‌ಕೋಡು, ಕೆಲಸಗಾರರಿಗೆ ದಿನವಿಡೀ ಅದನ್ನು ಹಿಡಿಯುವುದೇ ಕೆಲಸ. ಹಾರಾ ಅವರು ಊಟದ ಬಿಡುವಿನಲ್ಲಿ ಗೋ ಎಂಬ ಆಟ ಆಡುತ್ತಿದ್ದರಂತೆ. ಗೆರೆ ಹಾಕಿದ ಹಲಗೆ, ಕಪ್ಪು ಬಿಳಿ ಕಾಯಿ. ನಮ್ಮ ಚೌಕಾಬಾರದ ಮನೆಗಳ ಹಾಗೆ ಉದ್ದಕ್ಕೂ ಅಡ್ಡಕ್ಕೂ ಮಾಹಿತಿ ತುಂಬಬಹುದಲ್ಲ ಎಂಬ ಯೋಚನೆ ಅಲ್ಲಿ ಹೊಳೆಯಿತು.

ಕೋಡಿನ ಮೂರು ಮೂಲೆಯಲ್ಲಿ ದೊಡ್ಡ ಚೌಕ ಇರುತ್ತದಲ್ಲ, ಅದು ನನಗೆ ತುಂಬ ಇಷ್ಟವಾದ ಭಾಗ. ಅದರ ನಡುವೆ ಯಾವ ದಿಕ್ಕಿನಿಂದ ಗೆರೆ ಎಳೆದರೂ ಕಪ್ಪು, ಬಿಳಿ, ಕಪ್ಪು, ಬಿಳಿ, ಕಪ್ಪು ಸಿಗುತ್ತದೆ. ಅಳತೆ 1:1:3:1:1. ಈ ಅಳತೆ ಸುಮ್ನೆ ಆರಿಸಿದ್ದಲ್ಲ. ಪತ್ರಿಕೆ, ಕರಪತ್ರ, ಡಬ್ಬಗಳ ಮೇಲಿನ ಮುದ್ರಣವನ್ನೆಲ್ಲ ತಿರುವಿ ಹಾಕಿ, ಅಚ್ಚಿನಲ್ಲಿ ಎಲ್ಲಕ್ಕಿಂತ ಅಪರೂಪಕ್ಕೆ ಸಿಗುವ ಅಳತೆ ಯಾವುದು ಅಂತ ಹುಡುಕಿ ಇದನ್ನು ಇಟ್ಟರು. ಹಾಗಾಗಿ ಸಂತೆಯಂಥ ಪೋಸ್ಟರಿನ ನಡುವೆಯೂ ಫೋನು ಕೋಡನ್ನು ಥಟ್ಟನೆ ಹುಡುಕುತ್ತದೆ. ನಾಲ್ಕನೇ ಮೂಲೆಯಲ್ಲಿ ಆ ದೊಡ್ಡ ಚೌಕ ಇಲ್ಲದಿರುವುದರಿಂದ ತಲೆಕೆಳಗಾಗಿ ಹಿಡಿದರೂ ಗೊತ್ತಾಗುತ್ತದೆ. ಡಿಸೈನ್ ಮಾಡುವವರಿಗೆ ನನ್ನ ಮೊದಲ ಬೇಡಿಕೆ ಇದು: ಏನಾದರೂ ಮಾಡಿಕೊಳ್ಳಿ, ಆ ಮೂರು ಮೂಲೆಗೆ ಮಾತ್ರ ಕೈ ಹಾಕಬೇಡಿ. ಅಲ್ಲಿ ಹೂವು, ಹೃದಯ, ನವಿಲುಗರಿ ಏನೂ ಬೇಡ. ಸುತ್ತಲೂ ನಾಲ್ಕು ಮನೆಯಷ್ಟು ಜಾಗ ಖಾಲಿ ಬಿಡಿ. ನಮ್ಮ ಕಡೆ ಲಗ್ನಪತ್ರಿಕೆ ಅಂದರೆ ಬಾರ್ಡರ್ ಬೇಕೇ ಬೇಕು, ಆ ಬಾರ್ಡರ್ ತಂದು ಕೋಡಿಗೆ ಒತ್ತಿಬಿಡುತ್ತಾರೆ. ಓದದ ಕೋಡುಗಳಲ್ಲಿ ಅರ್ಧಕ್ಕರ್ಧ ನನ್ನ ಟೇಬಲ್ಲಿಗೆ ಬರುವುದು ಇದೇ ಕಾರಣಕ್ಕೆ.

ಈಗ ಚೌಕದೊಳಗೆ ಎಷ್ಟು ಹಿಡಿಯುತ್ತದೆ ಅನ್ನುವ ಲೆಕ್ಕ. ಅತಿ ಚಿಕ್ಕ ಕೋಡು 21 ಮನೆ, 21 ಸಾಲು. ನಮ್ಮ ಹೆಂಗಸರು ರಂಗೋಲಿಗೆ ‘ಹನ್ನೊಂದು ಚುಕ್ಕಿ ಹನ್ನೊಂದು ಸಾಲು’ ಅನ್ನುತ್ತಾರಲ್ಲ, ಹಾಗೆ. ಬರಹ ಉದ್ದವಾದಷ್ಟೂ ನಾಲ್ಕು ನಾಲ್ಕು ಮನೆ ಹೆಚ್ಚುತ್ತಾ ಹೋಗುತ್ತದೆ. 25, 29, 33 ಹೀಗೆ ಕೊನೆಗೆ 177. ಒಟ್ಟು 40 ಅಳತೆ. ಅತಿ ದೊಡ್ಡದರಲ್ಲಿ ಬರೀ ಅಂಕಿಗಳಾದರೆ 7,089 ಹಿಡಿಯುತ್ತವೆ. ಕನ್ನಡವಾದರೆ ಒಂದು ಸಾವಿರವೂ ಹಿಡಿಯುವುದಿಲ್ಲ.

ಯಾಕೆ ಹಾಗೆ? ಕಂಪ್ಯೂಟರಿನ ಲೆಕ್ಕದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಜಾಗ. ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್. ನಾವು ಒಂದೇ ಅಕ್ಷರ ಅಂದುಕೊಳ್ಳುವುದನ್ನೂ ಅದು ಬಿಡಿಸಿ ಎಣಿಸುತ್ತದೆ. ‘ಲಕ್ಷ್ಮೀ’ ಹೆಸರಿನ ಎರಡನೇ ಅಕ್ಷರ ತೆಗೆದುಕೊಳ್ಳಿ. ಕ, ಅದರ ಅರ್ಧದ ಗುರುತು, ಷ, ಮತ್ತೊಂದು ಗುರುತು, ಮ, ದೀರ್ಘ ಗುಡಿಸು. ಆರು ಚಿಹ್ನೆ, 18 ಬೈಟ್. ಅತಿ ಚಿಕ್ಕ ಕೋಡಿನಲ್ಲಿ ಹಿಡಿಯುವುದು ಹೆಚ್ಚೆಂದರೆ 17. ಅಂದರೆ ‘ಕ್ಷ್ಮೀ’ ಅನ್ನುವ ಒಂದೇ ಒಂದು ಅಕ್ಷರ ಆ ಚೌಕದಲ್ಲಿ ಕೂರುವುದಿಲ್ಲ! ನನಗಂತೂ ಇದು ಗೊತ್ತಾದ ದಿನ ನಗುವೂ ಬಂತು, ಸಿಟ್ಟೂ ಬಂತು. ಕನ್ನಡ ಹೆಸರಿರುವ ಪುಟದ ವಿಳಾಸ ಕಾಪಿ ಮಾಡಿದರೆ ಇನ್ನೂ ಕಷ್ಟ. ಅಲ್ಲಿ ಒಂದೊಂದು ಚಿಹ್ನೆಯೂ ಶೇಕಡಾ ಗುರುತಿನ ಸಮೇತ ಒಂಬತ್ತು ಅಕ್ಷರ ಆಗುತ್ತದೆ. ‘ಕನ್ನಡ’ ಅನ್ನುವ ಪದವೇ 45 ಅಕ್ಷರ. ಕನ್ನಡ ಬಿಡಿ ಅಂತ ಹೇಳುತ್ತಿಲ್ಲ. ಕನ್ನಡವನ್ನು ಕೋಡಿನ ಪಕ್ಕದಲ್ಲಿ ದೊಡ್ಡದಾಗಿ ಬರೆಯಿರಿ: ‘ದಾರಿಗಾಗಿ ಇಲ್ಲಿ ಹಿಡಿಯಿರಿ’ ಅಂತ. ಅದನ್ನು ಜನ ಓದುತ್ತಾರೆ. ಕೋಡಿನೊಳಗೆ ಮಾತ್ರ ಕೈ ಬಿಗಿ ಹಿಡಿಯಿರಿ.

ಒಂದು ನಿಜವಾದ ಕೆಲಸ ತೋರಿಸುತ್ತೇನೆ. ಅಪ್ಪೆಮಿಡಿ ಉಪ್ಪಿನಕಾಯಿ ಮಾಡುವ ಒಬ್ಬ ಅಕ್ಕ ಬಂದಿದ್ದರು. ಬಾಟಲಿ ಲೇಬಲ್ಲಿನಲ್ಲಿ ಕೋಡಿಗೆ ಸಿಕ್ಕ ಜಾಗ ಎರಡು ಸೆಂಟಿಮೀಟರ್, ಖಾಲಿ ಅಂಚೂ ಸೇರಿ. ಅವರು ತಂದ ಲಿಂಕು 150 ಅಕ್ಷರ ಉದ್ದ. ಅದನ್ನು ಹಾಗೇ ಹಾಕಿದರೆ 49 ಮನೆಯ ಕೋಡು ಬಂತು. ಅಂಚು ಸೇರಿ 57. ಒಂದೊಂದು ಮನೆ 0.35 ಮಿಲಿಮೀಟರ್. ಎಣ್ಣೆ ಕೈಯಲ್ಲಿ ಹಿಡಿಯುವ ಬಾಟಲಿಯ ಮೇಲೆ, ಅದೂ ದುಂಡಗಿನ ಮೈಮೇಲೆ! ನಡುವೆ ಮಾವಿನ ಮಿಡಿಯ ಚಿತ್ರ ಬೇಕು ಅಂತ, ಒಂದಷ್ಟು ಭಾಗ ಮುಚ್ಚಿದರೂ ಓದುವ ಹಾಗೆ ತಪ್ಪು ತಾಳುವ ಮಟ್ಟ ಏರಿಸಿದರೆ 65 ಮನೆ. ಒಂದು ಮನೆ 0.27 ಮಿಲಿಮೀಟರಿಗೆ ಇಳಿಯಿತು. ಧೂಳು ಬಿದ್ದ ಹಾಗೆ ಕಂಡಿತು. ಆಮೇಲೆ ಅವರದೇ ಹೆಸರಿನ ಒಂದು ವೆಬ್ ವಿಳಾಸ ತೆಗೆಸಿದೆವು. 26 ಅಕ್ಷರ. ಅದೇ ಎರಡು ಸೆಂಟಿಮೀಟರಿನಲ್ಲಿ, ಮಿಡಿಯ ಚಿತ್ರಕ್ಕೆ ಬೇಕಾದ ಎಲ್ಲ ತಾಳಿಕೆ ಇಟ್ಟುಕೊಂಡೂ 33 ಮನೆ. ಒಂದು ಮನೆ ಅರ್ಧ ಮಿಲಿಮೀಟರಿನ ಹತ್ತಿರ. ಈಗ ನನ್ನ ಹಳೇ ಫೋನಿನಲ್ಲೂ ಓದುತ್ತದೆ.

ಸ್ವಂತ ವಿಳಾಸದಿಂದ ಇನ್ನೊಂದು ಲಾಭ. ನಾಳೆ ಅವರು ವಾಟ್ಸಾಪ್ ಬಿಟ್ಟು ಬೇರೆ ಕಡೆ ಆರ್ಡರ್ ತೆಗೆದುಕೊಳ್ಳಲಿ, ಆ ವಿಳಾಸಕ್ಕೆ ಬಂದವರನ್ನು ಅಲ್ಲಿಗೆ ಕಳಿಸಿದರಾಯಿತು. ಅಚ್ಚಾದ ಲೇಬಲ್ ಬದಲಿಸಬೇಕಿಲ್ಲ. ಬದಲಿಸಬಹುದಾದ ಕೋಡ್ ಅಂತ ವೆಬ್‌ಸೈಟುಗಳು ತಿಂಗಳ ಚಂದಾಕ್ಕೆ ಮಾರುವುದು ಇದನ್ನೇ. ದಾಟಿಸುವವನು ನೀವೇ ಆಗಿದ್ದರೆ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಮುಗಿಯುತ್ತದೆ. ಕೋಡಿಗೆ ಅದರಷ್ಟಕ್ಕೇ ವಾಯಿದೆ ಅನ್ನುವುದು ಇಲ್ಲ. ಅದು ಅಚ್ಚಾದ ಅಕ್ಷರ, ಹಳಸುವುದಿಲ್ಲ. ಹಳಸುವುದು ಅದು ತೋರಿಸುವ ಜಾಗ.

ತಾಳಿಕೆ ಅಂದೆನಲ್ಲ, ಅದರ ಬಗ್ಗೆ ಎರಡು ಮಾತು. ಕೋಡಿನಲ್ಲಿ ಬರಹದ ಜೊತೆಗೆ ಅದನ್ನು ಸರಿಪಡಿಸಿಕೊಳ್ಳುವ ಲೆಕ್ಕವೂ ತುಂಬಿರುತ್ತದೆ. ಸಿಡಿಯಲ್ಲಿ ಗೀರು ಬಿದ್ದರೂ ಹಾಡು ಬರುತ್ತಿತ್ತಲ್ಲ, ಅದೇ ರೀಡ್ ಸಾಲೊಮನ್ ಲೆಕ್ಕ. ನಾಲ್ಕು ಮಟ್ಟ ಇವೆ: ಎಲ್, ಎಂ, ಕ್ಯೂ, ಎಚ್. ಸುಮಾರು 7, 15, 25, 30 ಶೇಕಡಾ ಹಾಳಾದರೂ ತಡೆದುಕೊಳ್ಳುತ್ತವೆ. ಇದನ್ನು ಕೇಳಿದ ಕೂಡಲೇ ಗಿರಾಕಿಗಳು 30 ಶೇಕಡಾ ಜಾಗದಲ್ಲಿ ಲೋಗೊ ಹಾಕಿ ಅನ್ನುತ್ತಾರೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಗೋಡೆಗಳ ಮೇಲೆ ‘ಪೇಸಿಎಂ’ ಪೋಸ್ಟರು ಬಂದಿತ್ತು, ನೆನಪಿದೆಯಾ? ಕೋಡಿನೊಳಗೆ ಆಗಿನ ಮುಖ್ಯಮಂತ್ರಿಯ ಮುಖ. ರಾಜಕೀಯ ಬಿಡಿ. ಅದನ್ನು ನೋಡಿ ನನ್ನ ಅಂಗಡಿಗೆ ಬಂದು ‘ನಂದೂ ಮುಖ ಹಾಕಿ’ ಅಂದವರು ಕಡಿಮೆ ಇಲ್ಲ. ಹಾಕಬಹುದು. ಆದರೆ ಆ ತಾಳಿಕೆ ಇರುವುದು ಅರಿಶಿನದ ಕಲೆಗೆ, ಮಳೆ ನೀರಿಗೆ, ಮಡಚಿದ ಗೆರೆಗೆ. ಎಲ್ಲವನ್ನೂ ನಿಮ್ಮ ಮುಖಕ್ಕೇ ಖರ್ಚು ಮಾಡಿದರೆ ಕಲೆ ಬಿದ್ದ ದಿನ ಏನೂ ಉಳಿದಿರುವುದಿಲ್ಲ. ನಾನು ಹತ್ತರಲ್ಲಿ ಒಂದು ಪಾಲಿಗಿಂತ ಜಾಸ್ತಿ ಮುಚ್ಚುವುದಿಲ್ಲ, ಅದೂ ಎಚ್ ಮಟ್ಟದಲ್ಲಿ ಮಾತ್ರ.

ಬಣ್ಣ. ನವೆಂಬರ್ ಬಂದರೆ ಅರಿಶಿನ ಕುಂಕುಮದ ಕೋಡು ಬೇಕು ಅನ್ನುತ್ತಾರೆ. ಹಳದಿ ನೆಲದ ಮೇಲೆ ಗಾಢ ಕುಂಕುಮದ ಮನೆ ಇಟ್ಟರೆ ಫೋನು ಓದುತ್ತದೆ. ತಿರುಗಿಸಿ ಕೆಂಪು ನೆಲದ ಮೇಲೆ ಹಳದಿ ಮನೆ ಇಟ್ಟರೆ ಕೆಲವು ಫೋನು ಓದುತ್ತವೆ, ಕೆಲವು ಸುಮ್ಮನೆ ನೋಡುತ್ತಾ ನಿಲ್ಲುತ್ತವೆ. ಕೆಂಪು ಬೆಳಕಿನ ಸ್ಕ್ಯಾನರು ಇರುವ ಅಂಗಡಿಗೆ ಹೋಗುವ ಡಬ್ಬವಾದರೆ ಕೆಂಪು ಬೇಡವೇ ಬೇಡ, ಅದಕ್ಕೆ ಕೆಂಪು ಬಿಳಿಯಾಗಿ ಕಾಣುತ್ತದೆ. ಸುಲಭದ ಪರೀಕ್ಷೆ ಒಂದಿದೆ: ಕಪ್ಪು ಬಿಳುಪು ಜೆರಾಕ್ಸ್ ತೆಗೆಸಿ. ಜೆರಾಕ್ಸಿನಲ್ಲಿ ನೆಲ ಮತ್ತು ಮನೆ ಬೇರೆ ಬೇರೆಯಾಗಿ ಎದ್ದು ಕಂಡರೆ ಪಾಸು.

ಪ್ರಿಂಟಿನವರ ಗುಟ್ಟು ಒಂದನ್ನು ಹೇಳಿಬಿಡುತ್ತೇನೆ. ಕೋಡನ್ನು ಒಂಟಿ ಕಪ್ಪಿನಲ್ಲೇ ಅಚ್ಚು ಹಾಕಿಸಿ. ನಾಲ್ಕು ಬಣ್ಣ ಸೇರಿಸಿ ಕಪ್ಪು ಮಾಡಿದರೆ ಒಂದು ಪ್ಲೇಟು ಕೂದಲೆಳೆಯಷ್ಟು ಜರುಗಿದರೂ ಮನೆಗಳ ಅಂಚಿಗೆ ನೀಲಿ, ಕೆಂಪು ನೆರಳು ಬರುತ್ತದೆ. ಫೈಲನ್ನು ವಾಟ್ಸಾಪಿನಲ್ಲಿ ಫೋಟೊ ಥರ ಕಳಿಸಬೇಡಿ, ಹಿಂಡಿ ಮಸುಕು ಮಾಡಿಬಿಡುತ್ತದೆ. ಎಸ್‌ವಿಜಿ (ಹಿಗ್ಗಿಸಿದರೂ ಮಸುಕಾಗದ ಚಿತ್ರದ ಫೈಲು) ಅಥವಾ ಪಿಡಿಎಫ್ ಮಾಡಿ, ಡಾಕ್ಯುಮೆಂಟ್ ಅಂತ ಕಳಿಸಿ. ಕೋಡ್ ಮಾಡಲು ಯಾವ ವೆಬ್‌ಸೈಟೂ ಬೇಕಿಲ್ಲ. ಲಿಬ್ರೆ ಆಫೀಸ್, ಇಂಕ್‌ಸ್ಕೇಪ್ ಎಂಬ ಕಂಪ್ಯೂಟರ್ ಪ್ರೋಗ್ರಾಮುಗಳಲ್ಲಿ ಆ ಸೌಲಭ್ಯ ಒಳಗೇ ಇದೆ, ಎರಡೂ ಪುಕ್ಕಟೆ. ಎಷ್ಟು ದೂರದಿಂದ ಹಿಡಿಯುತ್ತಾರೋ ಅದರ ಹತ್ತರಲ್ಲಿ ಒಂದು ಪಾಲು ಅಗಲ ಇರಲಿ. ಐದು ಮೀಟರ್ ದೂರಕ್ಕೆ ಅರ್ಧ ಮೀಟರ್. ಮಾರಿಕಾಂಬಾ ಜಾತ್ರೆಯ ನೂಕುನುಗ್ಗಲಿನಲ್ಲಿ ಆಳೆತ್ತರದ ಫ್ಲೆಕ್ಸಿನ ತುದಿಗೆ ಬೆಂಕಿಪೊಟ್ಟಣದಷ್ಟು ಕೋಡ್ ಇಟ್ಟವರನ್ನು ನೋಡಿದ್ದೇನೆ. ಹಿಡಿಯಲು ಏಣಿ ಬೇಕು.

ಇಷ್ಟೆಲ್ಲ ಆದ ಮೇಲೆ ಪ್ರೂಫ್. ಕಂಪ್ಯೂಟರ್ ಪರದೆಯಲ್ಲಿ ನೋಡಬೇಡಿ. ನಿಜವಾದ ಕಾಗದದಲ್ಲಿ, ನಿಜವಾದ ಅಳತೆಯಲ್ಲಿ ಒಂದು ಪ್ರತಿ ತೆಗೆಸಿ. ಮನೆಯಲ್ಲಿ ಎಲ್ಲಕ್ಕಿಂತ ಹಳೇ ಫೋನು ಯಾರ ಹತ್ತಿರ ಇದೆಯೋ ಅವರ ಕೈಗೆ ಕೊಡಿ. ನಮ್ಮ ಮನೆಯಲ್ಲಿ ಅದು ಅತ್ತೆಯ ಫೋನು. ಗಾಜಿನ ಮೇಲೆ ಒಂದು ಬಿರುಕು, ಕ್ಯಾಮೆರಾ ಮೇಲೆ ಹಿಟ್ಟು. ಸಂಜೆ ಹೊತ್ತು, ಜಗಲಿಯ ಬಲ್ಬಿನ ಬೆಳಕಿನಲ್ಲಿ ಅದು ಓದಿದರೆ ನಾನು ಪ್ರಿಂಟಿಗೆ ಬಿಡುತ್ತೇನೆ. ತೆರೆಯುವ ಮೊದಲು ಫೋನು ವಿಳಾಸ ತೋರಿಸುತ್ತದಲ್ಲ, ಅದನ್ನು ಅಕ್ಷರ ಅಕ್ಷರ ಓದಿ. ಅದೇ ನಿಮ್ಮ ಪ್ರೂಫ್.

"ದುಡ್ಡಿನ ಕೋಡ್ ಬಗ್ಗೆ ಹೇಳಿ" ಅಂತ ಹಿಂದಿನ ಸಾಲಿನಿಂದ ಒಬ್ಬರು ಕೂಗಿದರು. ಹೇಳುತ್ತೇನೆ. ನಿಮ್ಮ ಗಲ್ಲಾಪೆಟ್ಟಿಗೆಯ ಮುಂದಿನ ಯುಪಿಐ ಸ್ಟಿಕರೂ ಒಂದು ಸಾಲು ಬರಹವೇ. ಅದರಲ್ಲಿ ದುಡ್ಡು ಯಾರಿಗೆ ಹೋಗಬೇಕು ಎಂಬ ಯುಪಿಐ ವಿಳಾಸ, ಹೆಸರು ಇರುತ್ತವೆ. ಬೇಕಾದರೆ ಮೊತ್ತವನ್ನೂ ಬರೆಯಬಹುದು. ಮೊದಲು ಒಂದೊಂದು ಕಂಪನಿಗೆ ಒಂದೊಂದು ಸ್ಟಿಕರ್ ಅಂತ ಅಂಗಡಿ ಗಾಜು ತುಂಬಾ ಅದೇ ಇತ್ತು. 2020ರ ಅಕ್ಟೋಬರಿನಲ್ಲಿ ರಿಸರ್ವ್ ಬ್ಯಾಂಕ್, ಕಂಪನಿಗಳು ತಮ್ಮದೇ ಹೊಸ ಥರದ ಕೋಡ್ ತರಬಾರದು, ಇರುವವರೂ 2022ರ ಮಾರ್ಚ್ 31ರೊಳಗೆ ಎಲ್ಲರಿಗೂ ಹೊಂದುವ ಕೋಡಿಗೆ ಬರಬೇಕು ಅಂತ ಹೇಳಿತು. ಈಗ ಒಂದು ಸ್ಟಿಕರ್ ಸಾಕು. ಆ ಬರಹವನ್ನು ಹಾಗೇ ತೆಗೆದು ನಿಮ್ಮ ಅಂಗಡಿಯ ಬಣ್ಣದಲ್ಲಿ ಹೊಸದಾಗಿ ಮಾಡಿಸಿಕೊಳ್ಳಬಹುದು. ಆದರೆ ಒಂದು ಅಕ್ಷರ ಆಚೀಚೆ ಆಗಬಾರದು. ಮಾಡಿಸಿದ ಮೇಲೆ ಒಂದು ರೂಪಾಯಿ ಹಾಕಿ ನೋಡದೆ ಗೋಡೆಗೆ ಹಚ್ಚಬೇಡಿ.

ಸ್ಟಿಕರ್ ಮೇಲೆ ಸ್ಟಿಕರ್ ಅಂಟಿಸಿ ಹೋಗುವ ಕಳ್ಳರಿದ್ದಾರೆ. ಕೋಡಿಗೆ ಕೈಬರಹದ ಹಾಗೆ ಗುರುತು ಇಲ್ಲ, ಎಲ್ಲವೂ ಕಣ್ಣಿಗೆ ಒಂದೇ ಥರ. ಅದಕ್ಕೇ ನಿಮ್ಮದು ಬೇರೆ ಥರ ಕಾಣುವ ಹಾಗೆ ಡಿಸೈನ್ ಮಾಡಿಸಿ ಅನ್ನುವುದು. ಸುತ್ತ ನಿಮ್ಮ ಅಂಗಡಿಯ ಹೆಸರು, ಬಣ್ಣ ಇದ್ದರೆ ಮೇಲೆ ಬಂದ ಪರಕೀಯ ಚೌಕ ಎದ್ದು ಕಾಣುತ್ತದೆ. ನನ್ನ ಮಟ್ಟಿಗೆ ವ್ಯಾಪಾರಿಗೆ ಚೆಂದದ ಕೋಡಿನ ದೊಡ್ಡ ಲಾಭ ಇದೇ. ಬೆಳಿಗ್ಗೆ ಬಾಗಿಲು ತೆಗೆದಾಗ ಅಂಚಿನ ಮೇಲೆ ಒಮ್ಮೆ ಬೆರಳು ಆಡಿಸಿ. ಗಿರಾಕಿಗಳು ಪಿನ್ ಒತ್ತುವ ಮೊದಲು ಹೆಸರು ಓದಬೇಕು. ಮತ್ತೆ, ದುಡ್ಡು ಬರುವುದಕ್ಕೆ ಪಿನ್ ಬೇಡ, ಕೋಡ್ ಹಿಡಿಯುವುದೂ ಬೇಡ. ‘ನಿಮಗೆ ದುಡ್ಡು ಕಳಿಸಿದ್ದೇನೆ, ಇದನ್ನು ಸ್ಕ್ಯಾನ್ ಮಾಡಿ’ ಅಂದವನು ಕಳ್ಳನೇ.

"ಕೋಡ್ ಇಟ್ಟರೆ ಜಿಎಸ್‌ಟಿ ನೋಟಿಸ್ ಬರತ್ತಂತಲ್ಲ?" ಅನ್ನುವ ಪ್ರಶ್ನೆಯೂ ಬಂತು. 2025ರ ಜುಲೈನಲ್ಲಿ ಬೆಂಗಳೂರಿನ ಸಣ್ಣ ಅಂಗಡಿಯವರಿಗೆ ನೋಟಿಸ್ ಬಂದು, ಹಲವರು ಸ್ಟಿಕರ್ ಕಿತ್ತು ‘ಕ್ಯಾಶ್ ಮಾತ್ರ’ ಬೋರ್ಡು ಹಾಕಿದ್ದು ನಿಜ. ಆದರೆ ತೆರಿಗೆಯ ಲೆಕ್ಕ ಸ್ಟಿಕರಿನಲ್ಲಿಲ್ಲ, ವಹಿವಾಟಿನಲ್ಲಿದೆ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ನೋಂದಣಿ. ಮುಂದಿನದ್ದನ್ನು ನಿಮ್ಮ ಲೆಕ್ಕಿಗರನ್ನೇ ಕೇಳಿ, ನಾನು ಡಿಟಿಪಿಯವನು.

ಇನ್ನು ಮನೆಬಳಕೆ. ನಮ್ಮ ಘಟ್ಟದ ಊರುಗಳಲ್ಲಿ ನೆಟ್‌ವರ್ಕ್ ಹೇಗಿದೆ ಅಂತ ನಿಮಗೇ ಗೊತ್ತು. ಹೋಂಸ್ಟೇಯವರು ದಾರಿಯ ಬೋರ್ಡಿಗೆ ವೆಬ್‌ಸೈಟಿನ ಕೋಡ್ ಹಾಕುತ್ತಾರೆ, ಬಂದವರು ಕೈ ಮೇಲೆತ್ತಿ ಸಿಗ್ನಲ್ ಹುಡುಕುತ್ತಾ ನಿಲ್ಲುತ್ತಾರೆ. ಅಲ್ಲಿ ಬರೀ ಬರಹ ಹಾಕಿ: ‘ಮುಂದಿನ ಕಟ್ಟೆಯ ಹತ್ತಿರ ಎಡಕ್ಕೆ, ಎರಡನೇ ಗೇಟು.’ ಅಕ್ಷರ ಕೋಡಿನೊಳಗೇ ಇರುವುದರಿಂದ ಇಂಟರ್ನೆಟ್ ಬೇಡ. ಮನೆಗೆ ಬಂದವರಿಗೆ ವೈಫೈ ಕೋಡ್ ಮಾಡಿ ಗೋಡೆಗೆ ಹಚ್ಚಬಹುದು, ಆಂಡ್ರಾಯ್ಡ್ ಫೋನಿನ ಸೆಟ್ಟಿಂಗಿನಲ್ಲೇ ಅದು ಸಿಗುತ್ತದೆ. ಮರೆವಿನ ಹಿರಿಯರ ಜೇಬಿನಲ್ಲಿ ಮನೆಯವರ ಫೋನ್ ನಂಬರಿನ ಕೋಡ್ ಇರುವ ಚೀಟಿ ಇಡಬಹುದು. ನಂಬರನ್ನು ಅಂಕಿಯಲ್ಲೂ ಬರೆಯಿರಿ, ಸಿಕ್ಕವರ ಕೈಯಲ್ಲಿ ಸ್ಮಾರ್ಟ್‌ಫೋನೇ ಇರಬೇಕಲ್ಲ? ಕೋಡ್ ಗುಟ್ಟಿನ ಲಿಪಿ ಅಂತ ಮಾತ್ರ ತಿಳಿಯಬೇಡಿ. ಯಾರು ಬೇಕಾದರೂ ಓದಬಹುದು. ಆಧಾರ್ ನಂಬರು, ಹುಟ್ಟಿದ ತಾರೀಕು ಇವನ್ನೆಲ್ಲ ಮಕ್ಕಳ ಸ್ಕೂಲ್ ಬ್ಯಾಗಿನ ಕೋಡಿಗೆ ತುಂಬಿಸುವವರಿಗೆ ನಾನು ಬೇಡ ಅನ್ನುತ್ತೇನೆ.

ಕೊನೆಗೆ ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿಯೊಬ್ಬರು ಕೇಳಿದರು: "ಹಂಗಾದ್ರೆ ಇದನ್ನ ರಂಗೋಲಿ ಹಾಕಿದ್ರೂ ಓದ್ತದಾ ತಮಾ?"

ಅಜ್ಜಿ, ನಾವು ಹಾಕಿ ನೋಡಿದ್ದೇವೆ. ಹೋದ ದೀಪಾವಳಿಯಲ್ಲಿ ನಾನು, ಮಗಳು. ‘ಹಬ್ಬ’ ಅನ್ನುವ ಪದ ಆರಿಸಿಕೊಂಡೆವು. ನಾಲ್ಕು ಚಿಹ್ನೆ, 12 ಬೈಟ್, 21 ಮನೆಯ ಕೋಡಿನಲ್ಲಿ 15 ಶೇಕಡಾ ತಾಳಿಕೆಯ ಜೊತೆಗೇ ಕೂರುತ್ತದೆ. ಸಗಣಿ ಸಾರಿಸಿದ ಅಂಗಳ ಕಪ್ಪು, ರಂಗೋಲಿ ಪುಡಿ ಬಿಳಿ. ಹಾಗಾಗಿ ಎಲ್ಲ ಉಲ್ಟಾ. ಕಪ್ಪು ಮನೆಗಳನ್ನು ಖಾಲಿ ಬಿಟ್ಟು, ಬಿಳಿ ಮನೆಗಳನ್ನೆಲ್ಲ ಪುಡಿಯಿಂದ ತುಂಬಬೇಕು. ಸುತ್ತಲಿನ ನಾಲ್ಕು ಸಾಲು ಅಂಚನ್ನೂ ತುಂಬಬೇಕು. ಮೂರು ತಾಸು ಹಿಡಿಯಿತು, ಸೊಂಟ ಬಿದ್ದುಹೋಯಿತು. ಮಗಳು ಉಪ್ಪರಿಗೆ ಹತ್ತಿ ಫೋನು ಹಿಡಿದಳು. ಎರಡು ಸಲ ಏನೂ ಇಲ್ಲ. ಮೂರನೇ ಸಲ ಪರದೆಯ ಮೇಲೆ ‘ಹಬ್ಬ’ ಅಂತ ಬಂತು. ಅಷ್ಟರಲ್ಲಿ ಗೋಪೂಜೆಗೆ ಕಟ್ಟಿದ್ದ ಕರು ಬಿಚ್ಚಿಕೊಂಡು ಬಂದು ಒಂದು ಮೂಲೆ ತುಳಿದು ದಾಟಿತು. ಅದು ದೊಡ್ಡ ಚೌಕ ಇಲ್ಲದ ನಾಲ್ಕನೇ ಮೂಲೆ. ಮಗಳು ಮತ್ತೆ ಹಿಡಿದಳು, ಆಗಲೂ ಓದಿತು. ನಾನು ಕರುವನ್ನು ಹಿಡಿಯಲು ಓಡಿದೆ. ಅದು ಹೆದರಿ ಬಂದ ದಾರಿಯಲ್ಲೇ ವಾಪಸ್ ಹೋಯಿತು, ನಾನೂ ಅದರ ಹಿಂದೆ ನಟ್ಟನಡುವೆ ಹಾದುಹೋದೆ. ಆಮೇಲೆ ಓದಲಿಲ್ಲ.